ಇಪ್ಪತ್ತೆರಡು ಬೆಸುಗೆ

ಖಾಜಾಬೀ ಗಂಡ ಇಮಾಮಸಾಬ, ವಯಸ್ಸು 47 ವರ್ಷ, ಉದ್ಯೋಗ ಬಳೆ ವ್ಯಾಪಾರ, ಸಾಕಿನ್ ಅಳವಂಡಿ, ತಾಲೂಕು ಕೊಪ್ಪಳ, ಜಿಲ್ಲೆ ರಾಯಚೂರು.

ಹೊಳಿಯಮ್ಮ ಎಂಬ ಹುಡುಗಿ ಕಾಣೆಯಾದ ಬಗ್ಗೆ ಜಮಾದಾರ ವಿರುಪಣ್ಣನವರು ಊರ ಚಾವಡಿಯಲ್ಲಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ನನ್ನ ಹತ್ತಿರ ಗಡಿಯಾರವಿಲ್ಲ. ಕೆಳಗೆ ಹೇಳುವ ವೇಳೆಗಳೆಲ್ಲ ಕೊಪ್ಪಳದ ಬಸ್ಸಿನ ಲೆಕ್ಕದವು. ಬಸ್ಸು ತಡವಾಗಿದ್ದರೆ ನನ್ನನ್ನು ಕೇಳಬಾರದು.

ಹೊಳಿಯಮ್ಮ ನಮ್ಮ ಓಣಿಯ ಬಾಲಪ್ಪ ಮತ್ತು ಮುದಕಮ್ಮ ಇವರ ಒಬ್ಬಳೇ ಮಗಳು. ವಯಸ್ಸು 19, ಮೆಟ್ರಿಕ್ ಪಾಸು. ತಾಯಿಯ ಜೊತೆ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ. ಕೂಸಿದ್ದಾಗ ಅವಳಿಗೆ ಕರಿಬಳೆ ಇಟ್ಟವಳು ನಾನೇ. ಈ ಸಲ ಪಂಚಮಿ ಹಬ್ಬಕ್ಕೆ ಕೈಗೊಂದು ಡಜನ್ನಿನಂತೆ ಇಪ್ಪತ್ನಾಲ್ಕು ಹಸಿರು ಗಾಜಿನ ಬಳೆ ಇಟ್ಟವಳೂ ನಾನೇ.

ಹೋದ ದೀಪಾವಳಿಗೆ ಕಿರಾಣಿ ಅಂಗಡಿಯ ಅಮರಪ್ಪನವರು ಟಿ.ವಿ. ತಂದರು. ಭಾನುವಾರ ಬೆಳಿಗ್ಗೆ ಅದರಲ್ಲಿ ಹಿಂದಿ ಕತೆ ಬರುತ್ತದೆ. ಓಣಿಯ ಹುಡುಗಿಯರಿಗೆ ಹಿಂದಿ ಬಾರದು. ನನ್ನ ಮನೆಮಾತು ಉರ್ದು ಆದ್ದರಿಂದ ನನ್ನನ್ನು ಮುಂದೆ ಕೂರಿಸಿಕೊಂಡು, ಆಕಿ ಏನಂದ್ಲು ಹೇಳಬೇ ಬೂಬಮ್ಮ ಎಂದು ಜೀವ ತಿನ್ನುತ್ತಿದ್ದರು. ಆ ಕತೆಯ ಹೆಣ್ಣುಮಗಳು ಕಚೇರಿಗೆ ಹೋಗುತ್ತಾಳೆ. ಎಡಗೈಗೆ ಗಡಿಯಾರ, ಕೈಗೆ ಒಂದೊಂದೇ ಬಳೆ. ನಾನು ಬಿಡಿಸಿ ಹೇಳಿದೆ. ಆಮೇಲೆ ಹುಡುಗಿಯರ ಕೂಲಿಯೆಲ್ಲ ಪೌಡರು, ಉಗುರುಬಣ್ಣ, ಶಾಂಪೂ ಪೊಟ್ಟಣ ಎಂದು ಹೋಗತೊಡಗಿತು. ಡಜನ್ ಇಡಿಸಿಕೊಳ್ಳುವವರು ಎರಡು ಸಾಕು ಎಂದರು. ನನ್ನ ಹೊಟ್ಟೆಯ ಮೇಲೆ ಹೊಡೆಯುವ ಟಿ.ವಿ. ಡಬ್ಬಿಯ ಮಾತನ್ನು ನಾನೇ ಬಾಯಿ ಬಿಟ್ಟು ಹೇಳಿಕೊಟ್ಟೆನಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು. ಇದನ್ನೂ ಬರೆದುಕೊಳ್ಳಬೇಕು.

ದಿ. 9-8-1987 ಭಾನುವಾರ ಕತೆ ಮುಗಿದ ಮೇಲೆ, ಅಮರಪ್ಪನವರ ಕಟ್ಟೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಹೊಳಿಯಮ್ಮ ನನ್ನ ಸೆರಗು ಹಿಡಿದು, ಬಳಿ ಬಿಗಿ ಆಗ್ಯಾವ, ಸೋಪು ಹಚ್ಚಿ ತಗದುಕೊಡು ಎಂದು ಕೇಳಿದಳು. ಯಾಕೆಂದು ಕೇಳಿದರೆ ಹೇಳಲಿಲ್ಲ. ಪಂಚಮಿ ಆಗಿ ಹದಿನೈದು ದಿನ ಆಗಿಲ್ಲ, ನಿಮ್ಮವ್ವ ಎದಿ ಒಡಕೊಂಡಾಳು, ಟಿ.ವಿ. ನೋಡಿ ತಲಿ ತಿರಗೇತೇನ ನಿನಗ ಎಂದು ಓಣಿಗೆಲ್ಲ ಕೇಳುವ ಹಾಗೆ ಬೈದೆ. ಅವಳು ತಲೆ ತಗ್ಗಿಸಿಕೊಂಡು ಹೋದಳು. ಆ ಮುಖ ಇವತ್ತೆಲ್ಲ ನನ್ನ ಕಣ್ಣ ಮುಂದೆ ಇದೆ.

ಈ ದಿನ ದಿ. 12-8-1987 ಬುಧವಾರ ಬೆಳಿಗ್ಗೆ 7-15ರ ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಮುದಕಮ್ಮ ಚೀರಿದ್ದು ಕೇಳಿ ಓಡಿದೆ. ಅವಳು ನೀರಿಗೆ ಹೋಗಿ ಬರುವಷ್ಟರಲ್ಲಿ ಮಗಳು ಮನೆಯಲ್ಲಿರಲಿಲ್ಲ. ಹಿತ್ತಲಿನ ಒರಳಿನ ಹತ್ತಿರ ಹಸಿರು ಬಳೆಯ ಚೂರು ಬಿದ್ದಿದ್ದವು. ಯಾವನೋ ನನ್ನ ಮಗಳ ಕೈ ಜಗ್ಗಿ ಎಳಕೊಂಡು ಹೋಗ್ಯಾನ ಎಂದು ಮುದಕಮ್ಮ ಎದೆ ಬಡಿದುಕೊಂಡಳು. ಹೆಣ್ಣುಮಗಳು ತನ್ನ ಬಳೆಯನ್ನು ತಾನೇ ಒಡೆದದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಎಲ್ಲರೂ ಅದನ್ನೇ ನಂಬಿದರು, ನಾನೂ ನಂಬಿದೆ. ಅಮರಪ್ಪನವರ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವ ಈಶಪ್ಪನು ಅವಳನ್ನು ನೋಡಿ ನಗುತ್ತಾನೆಂದು ಯಾರೋ ಅಂದರು. ಓಣಿಯವರು ಅವನನ್ನು ಹಿಡಿದು ತಂದು ಚಾವಡಿಯಲ್ಲಿ ಕೂರಿಸಿದ್ದಾರೆ. ಈಗಲೂ ಕುಳಿತಿದ್ದಾನೆ, ನೀರು ಸಹ ಮುಟ್ಟಿಲ್ಲ.

ಸಂಜೆ 4-30ಕ್ಕೆ ಜಮಾದಾರರು ಚೂರುಗಳನ್ನು ಕಾಗದದಲ್ಲಿ ತಂದು, ಇವು ನೀನು ಇಟ್ಟ ಬಳೆಗಳೇನು, ಒಟ್ಟು ಅರವತ್ತೊಂದು ಚೂರು ಇವೆ ಎಂದರು. ಚೂರು ಎಣಿಸಿದ್ರ ಬಳಿ ಎಷ್ಟಂತ ತಿಳಿಯೂದಿಲ್ರಿ, ಬೆಸುಗೆ ಎಣಿಸಬೇಕ್ರಿ ಎಂದೆ. ಒಂದು ಗಾಜಿನ ಬಳೆಗೆ ಒಂದೇ ಬೆಸುಗೆ. ಬೆರಳಿಗೆ ಸಣ್ಣ ಗಂಟಿನಂತೆ ತಾಗುತ್ತದೆ. ಒಂದೊಂದೇ ಚೂರು ಮುಟ್ಟಿ ನೋಡಿದೆ. ಇಪ್ಪತ್ತೆರಡು ಬೆಸುಗೆ. ಮತ್ತೊಮ್ಮೆ ಎಣಿಸಿದೆ. ಇಪ್ಪತ್ತೆರಡೇ. ಹುಡುಗಿಗೆ ಏನೂ ಆಗಿಲ್ರಿ ಎಂದು ಜಮಾದಾರರಿಗೆ ಹೇಳಿದೆ.

ಯಾಕೆಂದರೆ ಎರಡು ಬಳೆ ಕಡಿಮೆ. ಹಳೆ ಬಳೆ ತೆಗೆಯುವಾಗ ನಾವು ಬಳೆಗಾರರು ಕೈ ಬರಿದು ಮಾಡುವುದಿಲ್ಲ, ಬರಿಗೈ ಮನೆಯವರಿಗೆ ಕೆಡುಕು ಎನ್ನುತ್ತಾರೆ. ಕೈಗೊಂದು ಉಳಿಸಿಯೇ ಹೊಸದನ್ನು ಇಡುತ್ತೇವೆ. ಹೊಳಿಯಮ್ಮ ಸಣ್ಣವಳಿದ್ದಾಗಿನಿಂದ ಇದನ್ನು ನೋಡಿದ್ದಾಳೆ. ಕೈ ಜಗ್ಗಿ ಎಳೆಯುವವನು ಕೈಗೊಂದರಂತೆ ಉಳಿಸಿ ಎಳೆಯುತ್ತಾನೆಯೇ? ಚೂರುಗಳೆಲ್ಲ ಒಂದು ಮೊಳ ಜಾಗದಲ್ಲಿದ್ದವು, ರಕ್ತದ ಹನಿಯೂ ಇಲ್ಲ. ಆದ್ದರಿಂದ ಹುಡುಗಿ ತಾನಾಗಿಯೇ ಹೋಗಿದ್ದಾಳೆ, ತಾಯಿಗೆ ಕೆಟ್ಟದ್ದಾಗಬಾರದೆಂದು ಎರಡು ಬಳೆ ಉಳಿಸಿಕೊಂಡೇ ಹೋಗಿದ್ದಾಳೆ, ತಿರುಗಿ ಬರುತ್ತಾಳೆ. ಈಶಪ್ಪನನ್ನು ಮನೆಗೆ ಕಳಿಸಬೇಕು.

ಜಮಾದಾರರು ಇಷ್ಟು ಬರೆದು ನನಗೆ ಓದಿ ಹೇಳುತ್ತಿರುವಾಗ ಕೊಪ್ಪಳದ ಬಸ್ಸು ಬಂತು. ನಿಲ್ದಾಣದಲ್ಲಿ ಸುದ್ದಿ ಕೇಳಿ ಹೊಳಿಯಮ್ಮ ಚಾವಡಿಗೆ ಓಡಿ ಬಂದಳು. ಎಡಗೈಯಲ್ಲಿ ಗಡಿಯಾರ, ಅದರ ಪಕ್ಕ ಒಂದು ಹಸಿರು ಬಳೆ. ಬಲಗೈಯಲ್ಲಿ ಒಂದು. ಕೊಪ್ಪಳದಲ್ಲಿ ಅಂಗನವಾಡಿ ಕೆಲಸದ ಸಂದರ್ಶನವಿತ್ತೆಂದೂ, ಅವ್ವಗ ಹೇಳಿದ್ರ ಬಿಡ್ತಿರಲಿಲ್ಲೆಂದೂ, ಆದ್ದರಿಂದ ಯಾರ ಕಣ್ಣಿಗೂ ಬೀಳದೆ ಮುಂದಿನ ಊರಿನ ತನಕ ನಡೆದು ಆಮೇಲಿನ ಬಸ್ಸು ಹತ್ತಿದೆನೆಂದೂ ಹೇಳಿದಳು. ಕೈತುಂಬ ಹಸಿರು ಬಳಿ ನೋಡಿದ್ರ, ಈಕಿ ನಾಳಿ ಮದುವಿ ಆಗಿ ಹೋಗಾಕಿ ಅಂತ ಹೊಳ್ಳಿ ಕಳಸ್ತಾರಂತ ಒಡಕೊಂಡ್ನಿ ಎಂದಳು. ಗಡಿಯಾರ ಅವಳ ಕಳೆ ಕೂಲಿಯದು. ಒಂದನೇ ತಾರೀಖಿಗೆ ತರಬೇತಿಗೆ ಬಾ ಅಂದಾರ ಎಂದಳು. ಆಮೇಲೆ ಈಶಪ್ಪಣ್ಣ ಇಲ್ಲಿ ಯಾಕ ಕುಂತಾನ ಎಂದು ಕೇಳಿದಳು. ನಾನೇ ಅವನಿಗೆ ನೀರು ಕೊಟ್ಟೆ.

ಮುದಕಮ್ಮ ಹೊಡೆಯಲು ಕೈ ಎತ್ತಿದಳು. ಮಗಳ ಕೈಯಲ್ಲಿ ಉಳಿದ ಬಳೆ ನೋಡಿ ಅದೇ ಕೈ ಹಿಡಿದುಕೊಂಡು ಅತ್ತಳು. ಹುಚ್ಚಿ, ಕೆಲಸಕ್ಕಂತ ಒಂದು ಮಾತು ಹೇಳಿದ್ರ ಒಂದೂ ಒಡಿಲಾರದಂಗ ತಗದು ಕೊಡತಿದ್ನೆಲ್ಲ ಎಂದು ನಾನು ಬೈದೆ. ಅದಕ್ಕವಳು, ಟಿ.ವಿ.ಯಾಕಿ ಒಂದ ಬಳಿಯಾಗ ಕಚೇರಿಗೆ ಹೊಕ್ಕಾಳಂತ ಹೇಳಿದಾಕಿ ನೀನ ಅಲ್ಲೇನಬೇ ಬೂಬಮ್ಮ ಎಂದಳು. ನಾಳೆ ಅವಳ ಬಲಗೈಗೆ ಡಜನ್ ಬಳೆ, ಗಡಿಯಾರದ ಕೈಗೆ ಎರಡೇ ಬಳೆ ಇಡುತ್ತೇನೆ. ದುಡ್ಡು ಬೇಡ.

ಇದೆಲ್ಲ ನಾನು ಹೇಳಿದ್ದೇ, ಓದಿಸಿ ಕೇಳಿದ್ದೇನೆ, ಒಂದಕ್ಷರ ಸುಳ್ಳಿಲ್ಲ. ಮುಗಿದ ವೇಳೆ ಬರೆಯಬೇಕೆಂದು ಜಮಾದಾರರು ತಮ್ಮ ಕೈ ನೋಡಿಕೊಂಡರು. ಅವರ ಗಡಿಯಾರ ನಿಂತಿತ್ತು. ಹೊಳಿಯಮ್ಮ ತನ್ನ ಕೈ ನೋಡಿ ಹೇಳಿದಳು.

ಸ್ಥಳ: ಅಳವಂಡಿ
ದಿನಾಂಕ: 12-8-1987
ಖಾಜಾಬೀ, ಎಡಗೈ ಹೆಬ್ಬೆಟ್ಟಿನ ಗುರುತು
ವೇಳೆ: ಸಂಜೆ 5 ಗಂಟೆ 52 ನಿಮಿಷ. ಇದು ಬಸ್ಸಿನ ಲೆಕ್ಕದ್ದಲ್ಲ.