ಮೂರನೇ ಸಲ ಕೇಳದ ಮನೆಯ ಬಗ್ಗೆ ಅಕ್ಕನ ಹೇಳಿಕೆ

ಹೆಸರು, ಮೇಲಿನ ಚೌಕದಲ್ಲಿ ಬರೆದುಕೊಂಡಂತೆ. ವಯಸ್ಸು ಐವತ್ತಾರು. ಕೆಲಸ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು, ಇಪ್ಪತ್ತೊಂಬತ್ತು ವರ್ಷಗಳಿಂದ. ವಾಸ, ಮಾರುಕಟ್ಟೆ ಹಿಂಬದಿಯ ಬೀದಿ, ಮೂರನೇ ಮಹಡಿ. ಲಿಫ್ಟ್ ಇದೆ ಎಂಬ ಬೋರ್ಡ್ ಇದೆ, ಲಿಫ್ಟ್ ಇಲ್ಲ. ಮೃತನಿಗೆ ನಾನು ಅಕ್ಕ.

ಈ ದಿನ ಬೆಳಿಗ್ಗೆ ಹತ್ತೂವರೆಗೆ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು, ಸರ್ವರಿಗೂ ತಿಳಿಯಲೆಂದು, ದಾಖಲೆಯಲ್ಲಿ ಶಾಶ್ವತವಾಗಿ ಉಳಿಯಲೆಂದು ಮೊಟ್ಟಮೊದಲು ಬರೆಸುವ ಸಂಗತಿ ಏನೆಂದರೆ, ನನ್ನ ತಮ್ಮನಿಗೆ ಬಾಳೆಹಣ್ಣು ಎಂದರೆ ಪ್ರಾಣ. ಬರೆದುಕೊಳ್ಳುತ್ತಿದ್ದ ಪೇದೆಯವರು ಪೆನ್ನು ನಿಲ್ಲಿಸಿ, ಅಮ್ಮಾ, ಕೇಸಿಗೆ ಸಂಬಂಧಪಟ್ಟಿದ್ದು ಹೇಳಿ ಎಂದರು. ಇದು ಸಂಬಂಧಪಟ್ಟಿದ್ದೇ ಎಂದು ನಾನು ಹೇಳಿದ ಮೇಲೆ ಬರೆದುಕೊಂಡರು.

ತಮ್ಮನಿಗೆ ದೇಹಕ್ಕೆ ನಲವತ್ತೊಂಬತ್ತು, ತಿಳಿವಳಿಕೆಗೆ ಏಳು, ಹಟಕ್ಕೆ ಎರಡೂ ಕೂಡಿಸಿದಷ್ಟು ವಯಸ್ಸಾಗಿತ್ತು. ಚಿಕ್ಕವನಿದ್ದಾಗ ಒಮ್ಮೆ ಪಕ್ಕದ ಮನೆಯಲ್ಲಿ ತಟ್ಟೆಯಲ್ಲಿಟ್ಟ ಹನ್ನೊಂದು ಬಿಸ್ಕತ್ತುಗಳನ್ನೂ ತಿಂದು, ಹನ್ನೆರಡನೆಯದು ಎಲ್ಲಿ ಎಂದು ಕೇಳಿದ. ಅಮ್ಮನಿಗೆ ತಲೆ ಎತ್ತದ ಹಾಗಾಯಿತು. ಆ ದಿನವೇ ಮೆಟ್ಟಿಲ ಮೇಲೆ ಕೂರಿಸಿಕೊಂಡು ಪಾಠ ಶುರುಮಾಡಿದಳು. ಪರರ ಮನೆಯಲ್ಲಿ ಏನು ಕೊಟ್ಟರೂ ಮೊದಲನೇ ಸಲ ಬೇಡ ಅನ್ನಬೇಕು, ಎರಡನೇ ಸಲವೂ ಬೇಡ ಅನ್ನಬೇಕು, ಮೂರನೇ ಸಲ ಕೇಳಿದರೆ ಒಂದು ತಗೋಬೇಕು ಎಂದಳು. ಇದು ಅವನ ತಲೆಗೆ ಹತ್ತಲು ಎಂಟು ತಿಂಗಳು ಹಿಡಿಯಿತು. ಹತ್ತಿದ ಮೇಲೆ ಇಳಿಯಲಿಲ್ಲ. ಕಲಿತದ್ದನ್ನು ಮರೆಯುವುದು ಬುದ್ಧಿವಂತರ ಅನುಕೂಲ, ಅವನಿಗೆ ಅದಿರಲಿಲ್ಲ.

ಒಂಬತ್ತು ವರ್ಷಗಳ ಹಿಂದೆ ಅಮ್ಮ ತೀರಿಕೊಂಡ ಮೇಲೆ ಅವನನ್ನು ನನ್ನ ಮನೆಯಿಂದ ಎರಡೂಕಾಲು ಕಿಲೋಮೀಟರ್ ದೂರದ ನೆರವಿನ ಮನೆಗೆ ಸೇರಿಸಿದೆ. ಅಲ್ಲಿ ಅವನೂ ಸೇರಿ ಅವನಂಥ ನಾಲ್ಕು ಜನ. ಪ್ರತಿಯೊಬ್ಬರಿಗೂ ಸ್ವಂತ ಕೋಣೆ, ಸ್ವಂತ ಬೀಗದ ಕೈ. ಬಾಗಿಲ ಬಳಿ ‘ಇದು ನಿಮ್ಮದೇ ಮನೆ’ ಎಂಬ ಫಲಕ. ತಮ್ಮನಿಗೆ ಓದು ಬರುತ್ತಿರಲಿಲ್ಲ. ಸೇರಿಸುವಾಗ ಕೊಟ್ಟ ಫಾರಂನಲ್ಲಿ ‘ವಿಶೇಷ ಅಭ್ಯಾಸಗಳು’ ಎಂಬ ಸಾಲಿನ ಮುಂದೆ ನಾಲ್ಕು ಪದ ಹಿಡಿಸುವಷ್ಟು ಜಾಗವಿತ್ತು. ನಾನು ‘ಸಂಕೋಚ ಸ್ವಭಾವ’ ಎಂದು ಬರೆದೆ. ಎರಡು ಪದದ ಜಾಗ ಖಾಲಿ ಬಿಟ್ಟೆ.

ಆ ಮನೆಯನ್ನು ಆಗ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ನಾಲ್ವರೂ ಅತ್ತೆಮ್ಮ ಎನ್ನುತ್ತಿದ್ದರು. ಯಾರೂ ಹೇಳಿಕೊಡದೆ ಮೂರೇ ದಿನದಲ್ಲಿ ಆಕೆಗೆ ತಮ್ಮನ ಲೆಕ್ಕ ಸಿಕ್ಕಿತು. ನಿಮ್ಮ ತಮ್ಮ ದೊಡ್ಡ ಬೀಗರು ಕಣಮ್ಮ, ಬೇಕಾ ಬೇಕಾ ಬೇಕಾ ಅಂತ ಒಂದೇ ಉಸಿರಿಗೆ ಉಪಚಾರ ಮಾಡಿ ತಟ್ಟೆ ಇಟ್ಟುಬಿಡ್ತೀನಿ ಎಂದು ನನ್ನ ಮುಂದೆ ನಕ್ಕಿದ್ದರು. ಒಂಬತ್ತು ವರ್ಷ ಹೀಗೇ ನಡೆಯಿತು.

ಈ ವರ್ಷ ಮಾರ್ಚ್ ಮೂರನೇ ತಾರೀಖಿನಿಂದ ಅತ್ತೆಮ್ಮನನ್ನು ತೆಗೆದು, ಪಾಳಿಯ ಮೇಲೆ ಬರುವ ಸಿಬ್ಬಂದಿಯನ್ನು ಹಾಕಿದರು. ಜೊತೆಗೆ ಒಂದು ಟ್ಯಾಬ್ ಬಂತು. ನಿವಾಸಿಗೆ ಊಟ ಬೇಕೇ ಎಂದು ಕೇಳಿ ಅದರಲ್ಲಿ ಒತ್ತಬೇಕು. ‘ನಿರಾಕರಿಸಿದರು’ ಎಂದು ಒತ್ತಿದರೆ ಪರದೆ ಹಸಿರಾಗಿ, ‘ಆಯ್ಕೆಯನ್ನು ಗೌರವಿಸಲಾಗಿದೆ’ ಎಂದು ಬರುತ್ತದೆ.

ನಾನು ಎರಡು ವಾರಕ್ಕೊಮ್ಮೆ ಭಾನುವಾರ ಹೋಗುತ್ತಿದ್ದೆ. ನಾನು ಒಯ್ದ ಬಾಳೆಹಣ್ಣುಗಳನ್ನು ಅವನು ಗಬಗಬನೆ ತಿನ್ನುತ್ತಿದ್ದ. ಅಕ್ಕ ಪರರಲ್ಲವಲ್ಲ. ಹಸಿವು ಚೆನ್ನಾಗಿದೆ ಎಂದು ಸಮಾಧಾನಪಟ್ಟೆ. ಮೇ ಇಪ್ಪತ್ತೈದರಂದು ಅವನ ಪ್ಯಾಂಟು ಜಾರುತ್ತಿದ್ದುದರಿಂದ ಬೆಲ್ಟಿಗೆ ಇನ್ನೊಂದು ತೂತು ಹೊಡೆದು, ಏನಪ್ಪಾ, ಹೀರೋ ಆಗೋಕೆ ಹೊರಟಿದ್ದೀಯಾ ಎಂದು ರೇಗಿಸಿದೆ. ಅವನೂ ನಕ್ಕ. ಜೂನ್ ಎಂಟರಂದು ಎರಡನೇ ತೂತು ಹೊಡೆದೆ. ಎರಡರ ನಡುವೆ ಎರಡೂವರೆ ಸೆಂಟಿಮೀಟರ್. ಗಾಜಿನಲ್ಲಿ ಕಾಲು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ನನ್ನ ಬೆರಳಿಗೆ ಗೊತ್ತಾಗುತ್ತದೆ.

ಮರುದಿನ ಮಧ್ಯಾಹ್ನ ಒಂದೂಕಾಲಿಗೆ, ಊಟದ ಬಿಡುವಿನಲ್ಲಿ, ಆ ಮನೆಯ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಮೇಡಂ, ಅವರೂ ದೊಡ್ಡವರಲ್ವಾ, ಬೇಡ ಅಂದ್ರೆ ಬೇಡ, ಬಾಯಿಗೆ ತುರುಕೋ ಕಾಲ ಹೋಯ್ತು ಎಂದರು. ತುರುಕುವುದು ಬೇಡ, ಮೂರು ಸಲ ಕೇಳಿ ಸಾಕು ಎಂದು ಕಾರಣ ಸಮೇತ ಹೇಳಿದೆ. ಅಯ್ಯೋ ಪಾಪ, ಎಷ್ಟು ಒಳ್ಳೆ ಗುಣ ಎಂದು ಮೆಚ್ಚಿಕೊಂಡು, ಜುಲೈ ಒಂದರ ಪರಿಶೀಲನಾ ಸಭೆಯಲ್ಲಿ ಸೇರಿಸೋಣ, ಅಲ್ಲಿ ಪಾಸಾದರೆ ಟ್ಯಾಬಿಗೆ ಬರುತ್ತೆ ಎಂದರು. ನಾನು ಸರಿ ಎಂದು ಫೋನಿಟ್ಟು ಕೆಲಸಕ್ಕೆ ಕೂತೆ. ಈ ಸಾಲನ್ನು ತಿದ್ದದೆ ಹೀಗೆಯೇ ಇಡಬೇಕೆಂದು ಕೇಳಿಕೊಂಡಿದ್ದೇನೆ.

ಜೂನ್ ಹದಿನಾರು, ಸೋಮವಾರ, ಬೆಳಿಗ್ಗೆ ಎಂಟು ನಲವತ್ತಕ್ಕೆ, ತಮ್ಮ ಬಚ್ಚಲಲ್ಲಿ ಬಿದ್ದಿದ್ದಾನೆಂದು ಫೋನ್ ಬಂತು. ಒಂಬತ್ತು ಇಪ್ಪತ್ತೈದಕ್ಕೆ ಆಸ್ಪತ್ರೆ ತಲುಪಿದೆ. ಮಾರ್ಚ್ ಒಂದರಂದು ಐವತ್ತೆಂಟು ಕಿಲೋ ಇದ್ದವನು ನಲವತ್ತೊಂದೂವರೆ ಇದ್ದ. ಊಟ ಹಾಗಿರಲಿ, ಇವರು ನೀರನ್ನೂ ಸರಿಯಾಗಿ ಕುಡಿದಿಲ್ಲ, ಕಿಡ್ನಿ ಕೈಕೊಟ್ಟಿದೆ, ಇಷ್ಟು ದಿನ ಯಾರೂ ನೋಡಲಿಲ್ಲವಾ ಎಂದು ಡಾಕ್ಟರು ಕೇಳಿದರು. ನಾನು ಬೆಲ್ಟಿನ ಮಾತೆತ್ತಲಿಲ್ಲ.

ನರ್ಸ್ ಬಂದು ನೀರು ಬೇಕಾ ಎಂದರು. ತಮ್ಮ ಬೇಡ ಎಂದ. ಇನ್ನೂ ಎರಡು ಸಲ ಕೇಳಿ ಎಂದು ನಾನು ಹೇಳಿದೆ. ಆಕೆ ನನ್ನ ಮುಖ ನೋಡಿ, ಕೇಳಿದರು. ಮೂರನೇ ಸಲಕ್ಕೆ ಅವನು ಬಾಯಿ ತೆರೆದು ಎರಡು ಚಮಚ ಕುಡಿದು, ಥ್ಯಾಂಕ್ಸ್ ಎಂದ.

ಹದಿನೆಂಟರಂದು ಮಧ್ಯಾಹ್ನ ಮೂರಕ್ಕೆ ತಮ್ಮ ಹತ್ತಿರ ಬಾ ಎಂದು ಸನ್ನೆ ಮಾಡಿ, ಅಕ್ಕ, ಸಾಕು, ನಮ್ಮನೆಗೆ ಹೋಗೋಣ ಎಂದ. ಯಾಕೆ ಪಿಸುಗುಡ್ತೀಯೋ ಎಂದು ಕೇಳಿದ್ದಕ್ಕೆ, ಜೋರಾಗಿ ಹೇಳಿದ್ರೆ ಈ ಮನೆಯವರು ಬೇಜಾರ್ ಮಾಡ್ಕೋತಾರೆ ಎಂದ. ಒಂಬತ್ತು ವರ್ಷ ಮೂರು ತಿಂಗಳು ಅವನು ನೆಂಟನಾಗಿಯೇ ಇದ್ದ ಎಂಬುದು ನನಗೆ ತಿಳಿದದ್ದು ಆಗ. ಮರುದಿನ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ತೀರಿಕೊಂಡ.

ಜೂನ್ ಇಪ್ಪತ್ತೊಂದು, ಶನಿವಾರ, ಸಂಜೆ ನಾಲ್ಕಕ್ಕೆ ಅವನ ಬಟ್ಟೆ ತರಲು ಆ ಮನೆಗೆ ಹೋದೆ. ಮೇಲ್ವಿಚಾರಕಿ ಕಣ್ಣೊರೆಸಿಕೊಂಡು, ನಮ್ಮ ಕಡೆಯಿಂದ ಏನೂ ತಪ್ಪಿಲ್ಲ ಎಂದು ಟ್ಯಾಬಿನ ದಾಖಲೆಯನ್ನು ಮುದ್ರಿಸಿ ಕೊಟ್ಟರು. ಅದನ್ನು ಇಲ್ಲಿ ಹಾಜರುಪಡಿಸಿದ್ದೇನೆ. ನೂರೈದು ದಿನದ ಮುನ್ನೂರ ಹದಿನೈದು ಊಟಗಳಲ್ಲಿ ಇನ್ನೂರ ಹನ್ನೆರಡು ನಿರಾಕರಣೆ. ಉಳಿದ ನೂರ ಮೂರು, ಅವಸರದಲ್ಲಿ ಕೇಳದೆಯೇ ತಟ್ಟೆ ಇಟ್ಟುಹೋದವು. ಬಾಳೆಹಣ್ಣು, ಅರವತ್ತೊಂದು ಸಲ ನಿರಾಕರಣೆ. ಪುಟಗಳೆಲ್ಲ ಹಸಿರು. ಯಾರೂ ಅವನನ್ನು ಬೈದಿಲ್ಲ, ಹೊಡೆದಿಲ್ಲ. ಬಂದುಹೋದ ಹದಿನೇಳು ಸಿಬ್ಬಂದಿಯೂ ಒಳ್ಳೆಯವರೇ. ಒಬ್ಬೊಬ್ಬರೂ ಮರ್ಯಾದೆಯಿಂದ ಒಂದೊಂದು ಸಲ ಕೇಳಿದ್ದಾರೆ.

ಹೊರಡುವಾಗ ತಮ್ಮನ ಪಕ್ಕದ ಕೋಣೆಯವರು ನನ್ನ ಸೆರಗು ಹಿಡಿದು ನಿಲ್ಲಿಸಿದರು. ವಯಸ್ಸು ಅರವತ್ತೊಂದು, ಆ ಮನೆಯಲ್ಲಿ ಎಲ್ಲರೂ ಅವರನ್ನು ಸ್ಟೇಷನ್ ಮಾಸ್ಟರ್ ಎಂದು ಕರೆಯುತ್ತಾರೆ. ಏನಾದರೂ ಕೇಳಿದರೆ ಅವರ ಬಾಯಿಂದ ಮಾತು ಹೊರಡಲು ಸುಮಾರು ನಾಲ್ಕು ನಿಮಿಷ ಬೇಕು. ಗೋಡೆ ಗಡಿಯಾರ ನೋಡಿ ಹೇಳುತ್ತಿದ್ದೇನೆ. ನಾನು ಕಾದೆ. ಮೂರು ಸಲ ಕೇಳಬೇಕು ಅಂತ ಹೇಳೋಕೆ ಹೋದೆ, ದಿನಾ ಹೋದೆ, ನನ್ನ ಮಾತು ಬರೋ ಹೊತ್ತಿಗೆ ಅವರು ಹೋಗಿಬಿಟ್ಟಿರ್ತಾರೆ ಎಂದರು. ಅಷ್ಟರಲ್ಲಿ ಹೊಸ ಹುಡುಗಿಯೊಬ್ಬಳು ಬಂದು, ಅಂಕಲ್, ಟೀ ಬೇಕಾ ಎಂದು ನಗುನಗುತ್ತಾ ಕೇಳಿ, ಮೂರು ಎಣಿಸುವಷ್ಟು ಹೊತ್ತು ನಿಂತು, ಟ್ಯಾಬ್ ಒತ್ತಿ ಹೋದಳು. ಪರದೆ ಹಸಿರಾಯಿತು. ಸ್ಟೇಷನ್ ಮಾಸ್ಟರರ ಪ್ಯಾಂಟನ್ನು ಸೊಂಟಕ್ಕೆ ದಾರದಿಂದ ಕಟ್ಟಲಾಗಿತ್ತು.

ಆದ್ದರಿಂದ ನನ್ನ ತಮ್ಮನ ಸಾವಿನ ಬಗ್ಗೆ ತನಿಖೆ ಮಾಡಿ, ಉಳಿದ ಮೂವರನ್ನು ಈ ದಿನವೇ ಡಾಕ್ಟರಿಗೆ ತೋರಿಸಬೇಕೆಂದು ಕೋರುತ್ತೇನೆ. ಮೇಲೆ ಹೇಳಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡದೆ ಬಿಟ್ಟದ್ದು. ಓದಿಸಿ ಕೇಳಿದೆ, ಸರಿಯಾಗಿದೆ.

ಸ್ಥಳ: ಠಾಣೆಯ ಕಿಟಕಿ ಪಕ್ಕದ ಮೇಜು
ದಿನಾಂಕ: ಜೂನ್ ಇಪ್ಪತ್ಮೂರು, ಸೋಮವಾರ
ಸಹಿ: ಮೃತನ ಅಕ್ಕ

ಸಹಿಯಾದ ಮೇಲೆ ಸೇರಿಸಿದ್ದು: ಆ ಮನೆಗೆ ಮಹಜರಿಗೆ ಹೋಗುವ ಅಧಿಕಾರಿಗಳು ಸ್ಟೇಷನ್ ಮಾಸ್ಟರರ ಹೇಳಿಕೆಯನ್ನೂ ಪಡೆಯಬೇಕು. ಅವರಿಗೆ ಹೇಳಲು ಏನೂ ಇಲ್ಲ ಎಂದು ಅಲ್ಲಿಯವರು ಹೇಳುತ್ತಾರೆ. ಪ್ರಶ್ನೆ ಕೇಳಿದ ಮೇಲೆ ದಯವಿಟ್ಟು ಒಂದು ಕುರ್ಚಿ ಎಳೆದುಕೊಂಡು ಐದು ನಿಮಿಷ ಕೂತಿರಿ.