ಪಕ್ಕದ ಸೀಟಿನ ಬ್ರೇಕು

ಒದಿ, ಒದಿ… ಇನ್ನೊಂದು ಸಲ ಜೋರಾಗಿ ಒದಿ! ಟೈರ್ ಇರೋದೇ ಒದೆ ತಿನ್ನೋಕೆ. ಯಾಕೆ ನಗ್ತೀಯ? ನಿಜ ಕಣಮ್ಮ. ನಾನು ತಲೆ ಬೆಳ್ಳಗಾಗೋ ತನಕ ಲಾರಿ ಓಡಿಸಿದೋನು, ಆದ್ರೂ ಕೆಲಸ ಕೇಳೋಕೆ ಹೋದ ದಿನ ಮಾಲೀಕನ ಮುಂದೆ ಅವನ ಟೈರ್ ಒದಿಯೋ ಧೈರ್ಯ ನನಗೆ ಬಂದಿರಲಿಲ್ಲ. ನೀನು ಗೇಟು ದಾಟಿ ಬಂದವಳು ನನ್ನ ಮುಖಾನೂ ಸರಿಯಾಗಿ ನೋಡದೆ ಸೀದಾ ಗಾಡಿ ಹತ್ರ ಹೋದೆ. ಆಗಲೇ ಅಂದ್ಕೊಂಡೆ, ಇವಳು ಬೇಕು ನನ್ನ ಗಾಡಿಗೆ ಅಂತ!

ಅಲ್ಲ… ಅಂದ್ರೆ… ನಾನು ಬೇಕು ಅಂದ್ರೆ ಆಯ್ತಾ? ಆರಿಸಬೇಕಾದವಳು ನೀನು. ಹೆವಿ ಲೈಸೆನ್ಸ್ ಇನ್ನೂ ಬಿಸಿ ಬಿಸಿ ಇದೆ, ಇದು ಮೊದಲನೇ ಕೆಲಸ. ಮೊದಲನೇ ಮಾಲೀಕ ಕೆಟ್ಟವನು ಸಿಕ್ಕಿದ್ರೆ ಡ್ರೈವರ್ ಕೈ ಜನ್ಮಕ್ಕೇ ಕೆಡುತ್ತೆ, ತಾಯಿ. ಅವಸರ ಕಲಿಸ್ತಾನೆ. ನಿದ್ದೆಗಣ್ಣಲ್ಲಿ ಓಡಿಸೋದು ಕಲಿಸ್ತಾನೆ. ಆಮೇಲೆ ತಿದ್ದೋಕೆ ಆಗೋದೇ ಇಲ್ಲ.

ಆ ಗಾಜಿನ ಬಾಗಿಲಿನ ಕಂಪನಿಯವರೂ ಕರೆದಿದ್ದಾರೆ ಅಂದೆಯಲ್ಲ ಆಗ್ಲೇ? ಹೋಗು, ಬೇಡ ಅನ್ನಲ್ಲ. ಒಂದೇ ಮಾತು ಕೇಳ್ತೀನಿ. ಅವರ ಆಫೀಸಲ್ಲಿ ಡ್ರೈವರ್‌ಗಳು ಕೂರೋಕೆ ಒಂದು ಬೆಂಚು ಇತ್ತಾ? …ಇರಲಿಲ್ಲ ತಾನೇ? ನೋಡಿದೆಯಾ! ಸೋಫಾ ಇರುತ್ತೆ, ಮೀನಿನ ತೊಟ್ಟಿ ಇರುತ್ತೆ, ಆ ಮೀನಿಗೆ ಹೊತ್ತು ಹೊತ್ತಿಗೆ ಊಟ ಇರುತ್ತೆ. ದೂರದಿಂದ ಗಾಡಿ ತಂದವನು ಮಾತ್ರ ಕಿಟಕಿ ಹತ್ರ ನಿಂತ್ಕೊಂಡೇ ಮಾತಾಡಬೇಕು. ನಮ್ಮಲ್ಲಿ ನೋಡು, ಅಂಗಳದಲ್ಲಿ ಬೆಂಚಿದೆ, ನೆರಳಿದೆ, ಒಳಗೆ ಮಂಚ ಇದೆ. ಏನೇ, ಟೀ ಆಯ್ತಾ? …ಬರುತ್ತೆ, ಬರುತ್ತೆ. ನಮ್ಮ ಮನೆಯವಳು ಕಿಟಕಿಯಿಂದ ಯಾಕೆ ಹಾಗೆ ನಗ್ತಿದ್ದಾಳೋ! ಅವಳನ್ನ ನೋಡಬೇಡ ನೀನು.

ಬಾ ಈ ಕಡೆ. ಸ್ಟೆಪ್ನಿ ನೋಡು, ಬರೀ ತೋರಿಸೋಕೆ ನೇತು ಹಾಕಿದ್ದಲ್ಲ, ಗಾಳಿ ತುಂಬಿರೋ ಸ್ಟೆಪ್ನಿ. ಬ್ರೇಕ್ ಒತ್ತಿ ನೋಡು ಹತ್ತಿ. ಹೆಂಗೆ? ಮಾತು ಕೇಳೋ ಬ್ರೇಕು! ನನ್ನ ಮಕ್ಕಳು ಯಾವತ್ತೂ ಹಾಗೆ ಕೇಳಿಲ್ಲ. ವೈಪರ್ ಹಾಕು… ಹಾಂ. ಹಾರ್ನು? ಬೇಡ ಬೇಡ, ಪಕ್ಕದ ಮನೆ ಟೈಲರ್ ಕತ್ತರಿ ಹಿಡ್ಕೊಂಡೇ ಜಗಳಕ್ಕೆ ಬರ್ತಾನೆ.

ಇನ್ನು ನನ್ನ ಕಾಯಿದೆ. ಸುಸ್ತಾದ್ರೆ ಸೈಡಿಗೆ ಹಾಕು, ಮಲ್ಕೋ. ಸರಕಿನವನು ಕೂಗಾಡಿದ್ರೆ ನನ್ನ ಮೇಲೆ ಕೂಗಾಡ್ತಾನೆ, ಬೈಸ್ಕೊಂಡು ಬೈಸ್ಕೊಂಡು ನನ್ನ ಕಿವಿ ಗಟ್ಟಿಯಾಗಿದೆ. ಜಾಸ್ತಿ ಲೋಡ್ ಹಾಕ್ತೀನಿ ಅಂದ್ರೆ ಆಗಲ್ಲ ಅನ್ನು. ಮಂಜು ಬಿದ್ರೆ ನಿಲ್ಲಿಸು. ‘ಈ ಟ್ರಿಪ್ ನನ್ನ ಕೈಲಿ ಆಗಲ್ಲ’ ಅಂತ ಡ್ರೈವರ್ ಹೇಳಿದ್ರೆ ಮುಖ ಸಿಂಡರಿಸದೇ ಇರೋ ಮಾಲೀಕ ಸಿಕ್ಕಿದ್ರೆ ಬಿಡಬೇಡ. ಬೇಕಾದ್ರೆ ಈಗಲೇ ಹೇಳಿ ನೋಡು. ‘ಆಗಲ್ಲ’ ಅನ್ನು, ನನ್ನ ಮುಖ ನೋಡು. …ಅನ್ನಲ್ವಾ? ನೀನು ಮಾತೇ ಆಡಲ್ವಲ್ಲಮ್ಮ! ಒಳ್ಳೇದು ಒಳ್ಳೇದು. ಡ್ರೈವರ್ ಬಾಯಿ ಮುಚ್ಚಿರಬೇಕು, ಕಣ್ಣು ತೆರೆದಿರಬೇಕು.

ಇನ್ನೊಂದು ಗುಟ್ಟು ಹೇಳ್ತೀನಿ, ಯಾವ ಮಾಲೀಕನೂ ಹೇಳಲ್ಲ ಇದನ್ನ. ಒಬ್ಬ ಮಾಲೀಕ ಎಂಥವನು ಅಂತ ಗೊತ್ತಾಗಬೇಕಾ? ಅವನ ಹತ್ರ ಕೆಲಸ ಮಾಡ್ತಾ ಇರೋರನ್ನ ಕೇಳಬೇಡ. ಬಿಟ್ಟು ಹೋದವರನ್ನ ಕೇಳು! ಅವರಿಗೆ ಬೆಣ್ಣೆ ಹಚ್ಚೋ ಅವಶ್ಯಕತೆ ಇರಲ್ಲ ನೋಡು…

ಯಾಕೆ? ಯಾಕೆ ನಗ್ತಿದ್ದೀಯ?

…ಕೇಳಿಕೊಂಡು ಬಂದಿದ್ದೀಯಾ?

ಯಾರನ್ನ? ಉದ್ದಣ್ಣನ್ನಾ? ಗಡ್ಡದವನನ್ನಾ? …ಇಬ್ಬರನ್ನೂ! ಅಯ್ಯೋ, ನಾನೇ ಹಗ್ಗ ಕೊಟ್ಟು ಕಟ್ಟಿಸ್ಕೊಂಡೆ! ಏನಂದ್ರು? ನಾನು ಮೋಸಗಾರ ಅಂದ್ರಾ? …ಅನ್ನಲಿಲ್ಲ. ಸಂಬಳ ತಡ ಮಾಡ್ತಾನೆ ಅಂದ್ರಾ? ಇಲ್ವಲ್ಲ? ಬೈದ ಅಂದ್ರಾ? ಬೈದಿಲ್ಲ ಕಣಮ್ಮ ನಾನು, ಒಂದು ದಿನ ಬೈದಿಲ್ಲ. ಮತ್ತೆ ಏನಂದ್ರು? ಬಾಯಿ ಬಿಡು ಮಹಾತಾಯಿ!

ಏನದು? ಏನು ಬಗ್ಗಿ ನೋಡ್ತಿದ್ದೀಯ ಆ ಕಡೆ? ಸ್ಟೇರಿಂಗ್ ಇರೋದು ಈ ಕಡೆ. ಅಲ್ಲೇನಿದೆ… ಅದು ಕ್ಲೀನರ್ ಸೀಟು. ಕ್ಲೀನರ್ ಇಲ್ಲ ನಮಗೆ, ಖಾಲಿ ಸೀಟು. ದಿಂಬು? ದಿಂಬು… ಇರುತ್ತಪ್ಪ, ಸೀಟು ಅಂದಮೇಲೆ ದಿಂಬು ಇರುತ್ತೆ. ಆ ಚಾಳೀಸು ಯಾರೋ ಮರೆತು ಹೋಗಿರಬೇಕು. ಯಾರೋ… ಹೌದು, ನನ್ನ ಚಾಳೀಸಿನ ಹಾಗೇ ಇದೆ ಅಲ್ವಾ? ವಿಚಿತ್ರ!

ಕೆಳಗೆ ಯಾಕೆ ನೋಡ್ತೀಯ? ಅದು ಮ್ಯಾಟು. ರಬ್ಬರ್ ಮ್ಯಾಟು, ಅದರಲ್ಲೇನು ನೋಡೋದು? …ತೂತು. ಹೌದು, ತೂತು ಬಿದ್ದಿದೆ. ಇಲಿ… ಇಲಿ ಕಡಿದಿರಬೇಕು.

ಹಾಗೆ ನೋಡಬೇಡ ಕಣಮ್ಮ.

ಒಂದೇ ಕಡೆ, ಬಲಗಾಲು ಬರೋ ಜಾಗದಲ್ಲೇ, ಹಿಮ್ಮಡಿಯಷ್ಟೇ ಅಗಲಕ್ಕೆ ಕಡಿಯೋ ಇಲಿ ಎಲ್ಲೂ ಇಲ್ಲ. ಗೊತ್ತು. ಡ್ರೈವರ್ ಕಡೆ ಮ್ಯಾಟು ಹೊಸದಾಗೇ ಇದೆ, ಬ್ರೇಕೇ ಇಲ್ಲದ ಕಡೆ ಮ್ಯಾಟು ಸವೆದು ಹೋಗಿದೆ. ಅದೂ ಗೊತ್ತು… ಲೇ, ಕಿಟಕಿ ಮುಚ್ಚೇ! ನಗೋಕೆ ನಿನಗೆ ಬೇರೆ ಹೊತ್ತು ಸಿಗಲಿಲ್ವಾ?

ಆಯ್ತು. ನಾನೇ. ನಾನೇ ಕೂರ್ತೀನಿ ಅಲ್ಲಿ. ಪ್ರತಿ ಟ್ರಿಪ್ಪಲ್ಲೂ. ಮುಂದೆ ಒಂದು ಸೈಕಲ್ ಬಂದ್ರೂ ಸಾಕು, ನನ್ನ ಕಾಲು ತಾನಾಗಿ ಒತ್ತುತ್ತೆ. ಬಾಯಿ ‘ನಿಧಾನ, ನಿಧಾನ’ ಅನ್ನುತ್ತೆ. ಉದ್ದಣ್ಣ ಪಾಪ, ಗೇರ್ ಹಾಕೋ ಮುಂಚೆ ನಾನು ಬಾಯಲ್ಲೇ ಗೇರ್ ಹಾಕ್ತಿದ್ದೆ. ಕೊನೆಗೆ ಅವನು ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಿ, ಕೀ ನನ್ನ ಮಡಿಲಿಗೆ ಹಾಕಿ, ಬಾಗಿಲು ತೆಗೆದು ನಡ್ಕೊಂಡೇ ಹೋದ! ಹಿಂದೆ ಎಲ್ಲಾ ಹಾರ್ನ್ ಹೊಡೀತಿದ್ದಾರೆ, ನಾನು ಕುಂಟು ಮಂಡಿ ಇಟ್ಕೊಂಡು ದಿಂಬಿನ ಮೇಲೆ ಕೂತಿದ್ದೀನಿ… ನಗು, ನಗು. ಈಗ ನನಗೂ ನಗು ಬರುತ್ತೆ. ಅವತ್ತು ಬರಲಿಲ್ಲ.

ಮಂಡಿ ಹೋಯ್ತಮ್ಮ. ಕ್ಲಚ್ ಒತ್ತಬೇಡ ಅಂದುಬಿಟ್ಟರು ಡಾಕ್ಟರು. ಎಷ್ಟು ಸುಲಭವಾಗಿ ಅಂದ್ರು! ಈ ಗಾಡಿ ನನ್ನನ್ನ ಬಿಟ್ಟು ಗೇಟು ದಾಟಿದ್ರೆ ನಾನು ಬೆಂಚಿನ ಮೇಲೆ ಕೂತ ಮುದುಕ. ಆ ಸೀಟಲ್ಲಿ ಕೂತ್ರೆ ಇನ್ನೂ ಡ್ರೈವರ್. ಅಷ್ಟೇ ನನ್ನ ಕಥೆ. ನಿನ್ನ ಹತ್ರ ಬಚ್ಚಿಟ್ಟಿದ್ದು ಇದೊಂದೇ… ಮೊದಲೇ ಹೇಳಿದ್ರೆ ನೀನು ಟೈರೂ ಒದೀತಿರಲಿಲ್ಲ, ಗೇಟಿಂದಲೇ ವಾಪಸ್ ಹೋಗ್ತಿದ್ದೆ. ನನ್ನನ್ನ ನಂಬು ನಂಬು ಅಂತ ನೀನು ಬಂದಾಗಿಂದ ನಿನ್ನ ತಲೆ ತಿಂದೆ. ನಾನು ಮಾತ್ರ ಯಾರನ್ನೂ ನಂಬದೆ ಮ್ಯಾಟ್ ತೂತು ಮಾಡಿದ್ದೀನಿ.

ಹೊರಟೆಯಾ? …ಇಳಿದುಬಿಟ್ಟೆಯಲ್ಲ. ಹೋಗು ತಾಯಿ, ತಪ್ಪಿಲ್ಲ. ಆದ್ರೆ ಆ ಗಾಜಿನ ಬಾಗಿಲಿನವರ ಹತ್ರ ಬೆಂಚು ಕೇಳು, ಮರೀಬೇಡ. ಟೀ ಆದ್ರೂ ಕುಡ್ಕೊಂಡು…

ಎಲ್ಲಿಗೆ? ಗೇಟು ಆ ಕಡೆ. ಸುತ್ತಿಕೊಂಡು ಯಾಕೆ ಹೋಗ್ತಿದ್ದೀಯ? ಆ ಬಾಗಿಲು ಯಾಕೆ ತೆಗೀತೀಯ… ದಿಂಬು! ನನ್ನ ದಿಂಬು… ನನ್ನ ಕೈಗೇ ಕೊಡ್ತೀಯಾ? ಚಾಳೀಸೂನಾ? ಸರಿ ಕೊಡು. ಎರಡು ಕೈಲೂ ಹಿಡ್ಕೊಂಡಿದ್ದೀನಿ, ಈಗೇನು ಮಾಡ್ಲಿ?

…ಮತ್ತೆ ಸ್ಟೇರಿಂಗ್ ಮುಂದೆ ಹತ್ತಿ ಕೂತೆ! ಕನ್ನಡಿ ನಿನ್ನ ಎತ್ತರಕ್ಕೆ ತಿರುಗಿಸ್ಕೊಂಡೆ! ಲೇ ಇವಳೇ, ಬಾರೇ ಹೊರಗೆ, ನೋಡು ಬಾ! ಟೀ ಬಿಡು, ಬಾ!

ಏನದು ಟಕ್ ಅಂತು? ನನ್ನ ಸೀಟಿನ ಬಾಗಿಲಿಗೆ ಲಾಕ್ ಹಾಕಿದೆಯಾ? ಒಳಗಿಂದ? ನನ್ನ ಗಾಡಿಗೆ, ನನ್ನ ಅಂಗಳದಲ್ಲಿ, ನನಗೇ…! ಒಂದು ಟ್ರಿಪ್ ಆದ್ರೂ… ಮೊದಲನೇ ಟ್ರಿಪ್ ಒಂದು… ಗೇಟಿನ ತನಕ ಆದ್ರೂ?

…ಇಲ್ಲ. ಆಯ್ತು. ಮುಖ ಸಿಂಡರಿಸಿದೆನಾ ನಾನು? ನೋಡು, ಸಿಂಡರಿಸಿಲ್ಲ.

ತಗೋ ಕೀ.

ಆಹಾ, ಶಬ್ದ ಕೇಳು! ಈ ಶಬ್ದ ಹೊರಗಿಂದ ಕೇಳಿ ಎಷ್ಟು ದಿನ ಆಗಿತ್ತು! ಹಿಂದಕ್ಕೆ ಬಾ, ಬಾ, ಬಾ… ಗೋಡೆ ಇದೆ… ಗೊತ್ತು, ನಿನಗೆ ಕಾಣುತ್ತೆ, ಹೇಳಲ್ಲ. ಹೇಳಲ್ಲ ಅಂದ್ನಲ್ಲ! ಮುಂದಕ್ಕೆ… ಗೇಟಿನ ಕಂಬ… ಅಯ್ಯೋ, ಬಾಯಿಗೆ ದಿಂಬು ಇಟ್ಕೊಂಡೆ, ಹೋಗು.

ಯಾಕೆ ನಿಲ್ಲಿಸಿದೆ? ಕನ್ನಡೀಲಿ ಏನು ನೋಡ್ತಿದ್ದೀಯ? ಏನಮ್ಮ? ನನ್ನ… ಕಾಲಾ?

ನೆಲಕ್ಕೆ ಒತ್ತಿದ್ದೀನಾ! ಹೌದಲ್ಲ… ಚಪ್ಪಲಿ ಮಣ್ಣಲ್ಲಿ ಹೂತೇ ಹೋಗಿದೆ! ಲೇ, ನನ್ನ ಭುಜ ಹಿಡ್ಕೋ ಸ್ವಲ್ಪ, ಬೀಳ್ತೀನಿ.

ನೋಡಮ್ಮ ಈಗ! ಕಾಣ್ತಿದೆಯಾ ಕನ್ನಡೀಲಿ? ಬ್ರೇಕ್ ಬಿಟ್ಟಿದ್ದೀನಿ. ಕಾಲು ಎತ್ತಿಕೊಂಡೇ ನಿಂತಿದ್ದೀನಿ… ಹೋಗಿ ಬಾ, ಮಗಳೇ!