ಪಕ್ಕದ ಮನೆಯ ಹುಳಿಸೇಬು

ಸೇಬು ಬೆಳೆಯುವ ಬಗೆಯನ್ನು ಬೆಳೆಗಾರರ ಬಾಯಿಂದಲೇ ಕೇಳಿ, ತೋಟ ಸುತ್ತಿ ಬಂದ ದಿಲ್‌ಶಾದ್ ತಾನೇ ಕಿತ್ತ ಹಣ್ಣಿನ ಚೀಲ ಹಿಡಿದು ತೂಕದ ಸಾಲಿನಲ್ಲಿ ನಿಂತಿದ್ದಳು. ತಾನಿರುವ ಅರೋರಾ ಊರಿನಿಂದ ಎಪ್ಪತ್ತು ಮೈಲಿ ದೂರದ ಆ ಪರದೇಶದ ತೋಟದಲ್ಲಿ, ಮುಂದೆ ನಿಂತ ಗಂಡ ಹೆಂಡತಿ ಕನ್ನಡ ಮಾತಾಡಿದ್ದೇ ತಡ, ಅವಳ ಕಿವಿ ನಿಮಿರಿತು.

"ರೀ, ಆ ಹುಳಿಸೇಬಿನ ಮರಗಳು ಮಧ್ಯೆ ಮಧ್ಯೆ ಯಾಕಿವೆ? ಪುಟಾಣಿ ಹುಳಿ ಹಣ್ಣು, ಯಾರೂ ಕೀಳಲ್ವಂತೆ."

"ಜೇನುಹುಳ ಅದರ ಪರಾಗ ತಂದ್ರೇನೇ ಮಿಕ್ಕ ಮರ ಕಾಯಿ ಬಿಡೋದು, ಶಾರದಾ. ಇಲ್ದಿದ್ರೆ ಬರೀ ಹೂವು."

"ನಮ್ಮ ಹಿತ್ತಲಿನ ಸೇಬಿನ ಮರದ ಥರ. ನಾಲ್ಕು ವರ್ಷದಿಂದ ಒಂದೂ ಕಾಯಿಲ್ಲ."

ಗಂಡ ಚೀಲ ಕೆಳಗಿಟ್ಟು ಅವಳ ಕಡೆ ತಿರುಗಿದ.

"ಪಕ್ಕದ ಮನೆ ಅಜ್ಜಿ ಮರ ಕಡಿಸಿದ್ದು ಯಾವಾಗ?"

"ನಾಲ್ಕು ವರ್ಷ ಆಯ್ತು. ಅಯ್ಯೋ, ಅದೂ ಹುಳಿಸೇಬೇ ಅಲ್ವಾ?"

"ಹೂಂ. ಹಣ್ಣು ಬಿದ್ದು ನಮ್ಮ ಡ್ರೈವ್‌ವೇ ಗಲೀಜಾಗುತ್ತೆ ಅಂತ ಕಂಪ್ಲೇಂಟ್ ಕೊಟ್ಟಿದ್ದು ನಾವೇ."

"ಬರೆದಿದ್ದು ನೀವು."

"ಬರೀರಿ ಅಂದಿದ್ದು ನೀನು."

ಅವರ ಸರದಿ ಬಂತು. ಗಂಡ ಹಣ್ಣಿನ ಜೊತೆ ಒಂದು ಹುಳಿಸೇಬಿನ ಸಸಿಯನ್ನೂ ಕೇಳಿ ತೆಗೆದುಕೊಂಡ.

"ನಮಗಾ?"

"ಅಜ್ಜಿಗೆ. ಬಾಗಿಲು ತೆಗೆದ್ರೆ."

ಶಾರದಾ ಸಸಿಯನ್ನು ಅವನ ಕೈಯಿಂದ ತೆಗೆದುಕೊಂಡು ಕಾರಿನ ಕಡೆ ಹೊರಟಳು.

"ಅಲ್ಲಿ ನೀವು ಕಾರಲ್ಲೇ ಕೂತಿರಿ. ಬೆಲ್ ನಾನು ಮಾಡ್ತೀನಿ."